ಐದು ಮಡಿಕೆಯ ಹೂ

ಸೆಲಿನ್‌ಗೆ ಊಟವಿಲ್ಲದಿದ್ದರೂ ನಡೆದೀತು, ಮಾತಿಲ್ಲದಿದ್ದರೆ ನಡೆಯದು. ಅಂಥವಳಿಗೆ ದೇವರು ಕೊಟ್ಟದ್ದು ಹಳಿಯಾಳದ ಕಾಡಂಚಿನಲ್ಲಿ ಎರಡೇ ಮನೆಯ ಕೇರಿ! ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಇನ್ನೊಂದು ಮನೆಯ ಅಗ್ನೆಸ್ ಒಬ್ಬಳೇ ಅವಳಿಗೆ ಬಂಧು, ಬಳಗ, ರೇಡಿಯೊ ಎಲ್ಲ. ಆದರೂ ದಿನಾ ಬೆಳಿಗ್ಗೆ ಶಿಲುಬೆಯ ಮುಂದೆ ನಿಂತು, "ದೇವಾ, ಇವತ್ತೂ ಕಣ್ಣ ತೆರಸಿದಿ, ಉಪಕಾರ ಆತು," ಎನ್ನುವಳು. ಯಾವ ಸುಖಕ್ಕೆ ಅಷ್ಟು ಉಪಕಾರವೋ, ನನಗಂತೂ ತಿಳಿಯದು.

ಇಬ್ಬರೂ ಸಿದ್ದಿ ಜನಾಂಗದವರು, ಹಳೇ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವವರು. ಮಳೆಗಾಲ ಮುಗಿದ ಮೇಲೆ ದಾಂಡೇಲಿಯಲ್ಲಿ ಕೌದಿಗಳ ಪ್ರದರ್ಶನವಿತ್ತು. ಅಗ್ನೆಸ್‌ಗೆ ಜ್ವರ. ಇಬ್ಬರ ಕೌದಿಗಳನ್ನೂ ಸೆಲಿನ್ ಹೊತ್ತೊಯ್ದು ಕೊಟ್ಟು ಬಂದಳು. ಅಲ್ಲಿ ಯಾರೋ ಪುಣ್ಯಾತ್ಮರು ಹೆಸರಿನ ಚೀಟಿಗಳನ್ನು ಅದಲು ಬದಲು ಅಂಟಿಸಿದ್ದರು. ಅದು ಇವಳಿಗೇನು ಗೊತ್ತು? ವಾರದ ಮೇಲೆ ಅದೇ ಊರಿನ ಬಂಗೂರನಗರದಿಂದ ಐಶ್ವರ್ಯಾ ಎಂಬ ಟೀಚರ್ ಫೋನು ಮಾಡಿದಳು.

"ಸೆಲಿನಕ್ಕಾ, ನಿಮ್ಮ ಕೌದಿ ಎಲ್ಲಾರಿಗೂ ಭಾಳ ಸೇರೇತ್ರಿ. ಒಂದ ತಿಂಗಳ ಬಂದು ನಮ್ಮ ಹುಡುಗ್ಯಾರಿಗೆ ಹೊಲಿಯೂದು ಕಲಸ್ರಿ. ಇರಾಕ ರೂಮ್ ಐತಿ."

ಒಂದು ತಿಂಗಳು! ಸೆಲಿನ್ ಆಗಲೇ ಗಂಟು ಕಟ್ಟಿದಳು.

ಮೊದಲ ದಿನವೇ ಇಪ್ಪತ್ತು ಹುಡುಗಿಯರು 'ಆಯಿ, ಆಯಿ' ಎಂದು ಮುತ್ತಿಕೊಂಡರು. ಒಬ್ಬಳು ಸೂಜಿಗೆ ದಾರ ಪೋಣಿಸಿದಳು, ಒಬ್ಬಳು ಚಹಾ ತಂದಳು. ಸೆಲಿನ್ ಗಂಟಲು ಬಿದ್ದುಹೋಗುವಷ್ಟು ಮಾತಾಡಿದಳು. ಆರು ವರ್ಷದ ಬಾಕಿ ಮಾತು, ಸುಮ್ಮನೇ ಏನು?

ಮರುದಿನ ಐಶ್ವರ್ಯಾ ಪ್ರದರ್ಶನದ ಆ ಕೌದಿಯನ್ನೇ ತಂದು ಹಾಸಿದಳು. ಸೆಲಿನ್ ಬಗ್ಗಿ ಅದರ ಮೂಲೆ ಹಿಡಿದು ನೋಡಿದಳು. ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಒಂದೊಂದು ಹೂ ಕೂಡಿಸುವುದು ಸಿದ್ದಿ ಹೆಂಗಸರ ರೂಢಿ. ಹೂವಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ. ಸೆಲಿನ್ ಹಾಕುವುದು ಮೂರು ಮಡಿಕೆ. ಇಲ್ಲಿದ್ದದ್ದು ಐದು ಮಡಿಕೆಯ ಹೂ, ಅಗ್ನೆಸಳ ಕೈಯದು.

"ಆಯಿ, ಈ ಹೂವ ಹೆಂಗ ಮಡಚಿದ್ರಿ?" ಎಂದಳು ಒಬ್ಬಳು.

ಏನೋ ಒಂದು ಹೇಳಿ ಜಾರಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆ ಹುಡುಗಿಯರಿಗೆ ಮೂರೂ ಒಂದೇ, ಐದೂ ಒಂದೇ. ಹೇಳಬಾರದೇ, ಹುಚ್ಚಿ! ಮಾತು ತುಟಿಯವರೆಗೆ ಬಂದಿತ್ತು ಕೂಡ. ಸೆಲಿನ್ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ನಿಜ ಹೇಳಿದರೆ ಇವರನ್ನೆಲ್ಲ ಬಿಟ್ಟು ಹೋಗಬೇಕಲ್ಲ!

"ಇದು ನಂದಲ್ಲ ಮಗಳ," ಅಂದಳು. "ನಮ್ಮ ಅಗ್ನೆಸಂದು. ನನಗ ಇಷ್ಟ ಛಲೋ ಬರೂದಿಲ್ಲ. ಆಕಿನ್ನ ಕರಸ್ರಿ."

ಐಶ್ವರ್ಯಾ ಪೇಚಾಡಿದಳು. ಕರೆಸಲು ಒಪ್ಪಿಗೆ ಸಿಕ್ಕಿದ್ದು ಒಬ್ಬರಿಗಷ್ಟೇ. ಸೆಲಿನ್ ಸಂಜೆಯ ಬಸ್ಸು ಹಿಡಿದಳು.

ಮರುದಿನ ಬೆಳಿಗ್ಗೆ ಅಗ್ನೆಸಳನ್ನು ಕರೆದೊಯ್ಯಲು ಕೇರಿಗೆ ಜೀಪು ಬಂತು. ಸೆಲಿನ್ ತಾನೇ ಅವಳ ತಲೆ ಬಾಚಿದಳು, ಗಂಟು ಎತ್ತಿಕೊಟ್ಟಳು. ಯಾವ ಹುಡುಗಿಗೆ ಎಡಗೈ ರೂಢಿ, ಯಾರು ಚಹಾ ತರುತ್ತಾಳೆ, ಎಲ್ಲ ಬಿಡಿಸಿ ಹೇಳಿದಳು. ಅಗ್ನೆಸ್ ಜೀಪು ಹತ್ತಿದವಳು ಅವಳ ಕೈ ಬಿಡಲೊಲ್ಲಳು.

"ಬಾಯಿ ಮುಚ್ಚಕೊಂಡು ಇದ್ದಿದ್ರ ಅಲ್ಲೇ ಇರ್ತಿದ್ದಿ. ಈಗ ನಾನೂ ಹೊಂಟೆ. ಒಂದ ತಿಂಗಳ ಒಬ್ಬಾಕಿ ಹೆಂಗ ಇರ್ತಿ? ಬ್ಯಾಸರ ಆಗೂದಿಲ್ಲೇನ?"

"ಛೇ, ನಂಗ್ಯಾಕ ಬ್ಯಾಸರ? ಆರಾಮ ಇರ್ತೇನಿ, ಹೋಗ."

ಆ ಮೂರು ದಿನಗಳಲ್ಲಿ ಸೆಲಿನ್ ಆಡಿದ ಸುಳ್ಳು ಅದೊಂದೇ.