ಹಳದಿ ಡ್ರಮ್ಮಿನ ಜಾಗ

ಮೊಮ್ಮಗಳು ಬೆಳಗಿನಿಂದ ಏಳನೇ ಸಲ ಬಕೆಟ್ಟಿಗೆ ಬಗ್ಗಿದಳು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ನೀರು ಬಂತು. ಚಿಪ್ಪಕ್ಕ ಮಗುವಿನ ಬೆನ್ನು ನೀವುತ್ತಿದ್ದಳು, ಎದ್ದು ಬಾಗಿಲಿಗೆ ಹೋಗುತ್ತಿದ್ದಳು, ಮತ್ತೆ ಬಂದು ಕೂರುತ್ತಿದ್ದಳು. ಬಾಲ ಸುಟ್ಟ ಬೆಕ್ಕು ಕೂಡ ಅಷ್ಟು ಓಡಾಡುವುದಿಲ್ಲ.

"ನಿನ್ನೆ ಏನು ತಿಂದ್ಲು?" ಅಂತ ಆಸ್ಪತ್ರೆಯ ನರ್ಸ್ ಕೇಳಿದ್ದಳು.

"ಎಲ್ಲರೂ ತಿಂದಿದ್ದೇ" ಅಂದಿದ್ದಳು ಚಿಪ್ಪಕ್ಕ. ತಾನೇ ಹೆಕ್ಕಿ, ತಾನೇ ಬೇಯಿಸಿ, ತಾನೇ ಬಿಡಿಸಿ ಬಾಯಿಗಿಟ್ಟ ಚಿಪ್ಪಿನ ಮಾಂಸ ಅಂತ ಯಾವ ಬಾಯಿಂದ ಹೇಳುವುದು?

ನಲವತ್ತು ವರ್ಷದಿಂದ ಅವಳದು ಚಿಪ್ಪು ಹೆಕ್ಕುವ ಕೆಲಸ. ನೀರು ಇಳಿದ ಹೊತ್ತಿನಲ್ಲಿ ಕಡಲೊಳಗೆ ನಿಂತು, ಹಿಮ್ಮಡಿ ತಿರುಗಿಸುತ್ತಾ ಹೋದರೆ ಕೆಸರಿನ ಚಿಪ್ಪು ಕಾಲಿಗೇ ಸಿಗುತ್ತದೆ. ಆ ಕೆಲಸದ ಹದಿನಾರು ಹೆಂಗಸರಿಗೂ ಕಣ್ಣಿಗಿಂತ ಕಾಲು ಚುರುಕು. ಅಂಥ ಕಾಲಿಗೆ ಮೂರು ವಾರದ ಹಿಂದೆ ಬಿಸಿ ತಾಗಿತ್ತು. ತಣ್ಣನೆ ನೀರಿನ ನಡುವೆ ಒಂದು ಬೆಚ್ಚನೆಯ ಪಟ್ಟಿ. ಬಗ್ಗಿ ಮೂಸಿದರೆ ಸೋಪಿನ ವಾಸನೆ, ಅದರಡಿಯಲ್ಲಿ ಊರಿನ ಕಕ್ಕಸಿನ ವಾಸನೆ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು.

ಊರಿನ ಹೊಲಸು ಹೊರುತ್ತಿದ್ದ ಹಳೇ ಪೈಪು ತುಕ್ಕು ಹಿಡಿದು ದಡದಲ್ಲೇ ಒಡೆದಿತ್ತು. ಹೊಸದು ಹಾಕಿ ಎರಡು ಕಿಲೋಮೀಟರ್ ಆಚೆ ಕಡಲಿಗೆ ಬಿಡುತ್ತೇವೆ ಅಂದರು. ವರ್ಷವಿಡೀ ದಡಕ್ಕೆ ಬೇಲಿ ಹಾಕಿದರು. ಹೆಂಗಸರು ಹಲ್ಲು ಕಚ್ಚಿಕೊಂಡು ಕಂಡವರ ಮನೆ ಪಾತ್ರೆ ತಿಕ್ಕಿದರು. ಕೊನೆಗೆ ಬೇಲಿ ತೆಗೆದು, ಪೈಪಿನ ಬಾಯಿ ಇಲ್ಲಿದೆ ಅಂತ ಗುರುತಿಗೆ, ಲಂಗರು ಕಟ್ಟಿದ ಹಳದಿ ಡ್ರಮ್ಮೊಂದನ್ನು ದೂರದಲ್ಲಿ ತೇಲಿಬಿಟ್ಟರು. ಡ್ರಮ್ಮಿನ ಸುತ್ತ ಅರ್ಧ ಕಿಲೋಮೀಟರ್ ಚಿಪ್ಪು ಹೆಕ್ಕಬಾರದು ಅಂತ ಬೋರ್ಡು ನೆಟ್ಟರು. ಅಷ್ಟು ಆಳಕ್ಕೆ ಯಾವ ಹೆಂಗಸು ಹೋಗುತ್ತಾಳೆ ಅಂತ ಎಲ್ಲರೂ ನಕ್ಕಿದ್ದರು.

ಚಿಪ್ಪಕ್ಕ ಮಗುವನ್ನು ಸೊಸೆಗೆ ಒಪ್ಪಿಸಿ ನೇರ ಪೈಪು ಹಾಕಿಸಿದ ಇಂಜಿನಿಯರ್ ಆಫೀಸಿಗೆ ನಡೆದಳು.

"ಸರ್, ಪೈಪಿನ ಬಾಯಿ ನಮ್ಮ ಕಾಲಡೀಲೇ ಇದೆ. ನೀರು ಬಿಸಿ ಬರ್ತಿದೆ."

"ಕಾಲಿಗೇನು ಥರ್ಮಾಮೀಟರ್ ಕಟ್ಕೊಂಡಿದ್ದೀಯಾ? ಡ್ರಮ್ಮಿನ ಹತ್ರ ನೀರು ತೆಗೆದು ಪರೀಕ್ಷೆ ಮಾಡ್ಸಿದ್ದೀವಿ. ಕನ್ನಡಿ ಥರ ಇದೆ."

"ಅಲ್ಲಿ ಹಾಗೇ ಇರುತ್ತೆ. ನಾನು ನಿಂತ ಕಡೆ ತೆಗೀರಿ."

ಅವನು ಫೈಲು ಮುಚ್ಚಿ ದನಿ ಇಳಿಸಿದ. "ನಿನ್ನ ಒಳ್ಳೇದಕ್ಕೆ ಹೇಳ್ತೀನಮ್ಮ. ಬಾಯಿ ನೀನು ನಿಂತ ಕಡೇಲೇ ಇದೆ ಅಂತಾದ್ರೆ ಆ ಬೋರ್ಡು ಯಾರಿಗೆ? ನಿಮಗೇ. ನಾಳೆಯಿಂದ ಒಂದು ಚಿಪ್ಪು ಮುಟ್ಟೋ ಹಾಗಿಲ್ಲ. ಆಮೇಲೇನು, ಮರಳು ತಿಂತೀರಾ?"

ಎಂಥಾ ನಯವಂಚಕ ನೋಡಿ. ಕತ್ತು ಹಿಸುಕುವ ಕೈಯಲ್ಲೇ ಬೆನ್ನು ಸವರುತ್ತಿದ್ದ.

ಬರುವ ದಾರಿಯಲ್ಲಿ ಮೈದುನ ದೋಣಿಗೆ ಬಣ್ಣ ಬಳಿಯುತ್ತಿದ್ದ. ಅವಳ ಮುಖ ನೋಡಿ ಕುಂಚ ಕೆಳಗಿಟ್ಟ.

"ಅತ್ತಿಗೆ, ಪೈಪು ಇಳಿಸೋ ಕೂಲಿಗೆ ನಾನೂ ಹೋಗಿದ್ದೆ. ಮುನ್ನೂರು ಮೀಟರ್ ಇಳಿಸಿ ನಿಲ್ಲಿಸಿದ್ರು. ಮಿಕ್ಕ ಪೈಪೆಲ್ಲ ಲಾರಿ ಹತ್ತಿ ಹೋಯ್ತು."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ಮತ್ತೆ ಕೂಲಿಗೆ ಕರೆಯಲ್ಲ ಅಂತ."

ಮುಖಕ್ಕೆ ಉಗಿಯಬೇಕೆನ್ನಿಸಿತು. ನರ್ಸಿಗೆ ತಾನು ಹೇಳಿದ್ದು ನೆನಪಾಗಿ ಉಗುಳು ನುಂಗಿಕೊಂಡಳು.

ಸಂಜೆ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದರು. "ಸುಮ್ನಿರಿ ಅಕ್ಕ, ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದಾ?" ಅಂದಳು ಚಿಕ್ಕವಳೊಬ್ಬಳು.

"ಹೌದಾ? ಹಾಗಾದ್ರೆ ಇವತ್ತು ನಿನ್ನ ಮನೇಲಿ ಚಿಪ್ಪು ಬೇಯಿಸ್ತೀಯಾ?"

ಅವಳು ಕೊಡದ ಕಡೆ ನೋಡಿದಳು. "ಬೇಯಿಸೋದು ಬಿಟ್ಟು ಹತ್ತು ದಿನ ಆಯ್ತು."

"ನಾನೂ ಬಿಟ್ಟಿದ್ದೀನಿ" ಅಂದಳು ಇನ್ನೊಬ್ಬಳು. ಎಲ್ಲರ ಕಾಲಿಗೂ ಬಿಸಿ ತಾಗಿತ್ತು. ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು, ತಾವು ತಿನ್ನದ್ದನ್ನು ಊರಿಗೆ ಮಾರುತ್ತಿದ್ದರು. ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ನಾಳೆ ದೊಡ್ಡ ಸಾಹೇಬರು ಪೈಪು ಪಾಸು ಮಾಡೋಕೆ ಬರ್ತಾರೆ. ನೀರು ತೆಗೆಯೋದು ಡ್ರಮ್ಮಿನ ಹತ್ರಾನೇ" ಅಂದಳು ಚಿಪ್ಪಕ್ಕ. "ಬೆಳಕು ಹರೀತಿದ್ದ ಹಾಗೆ ಎಲ್ಲರೂ ಬನ್ನಿ. ಬುಟ್ಟಿ ಬೇಡ."

ಬೆಳಿಗ್ಗೆ ನೀರು ಪೂರ್ತಿ ಇಳಿದಿತ್ತು. ದೊಡ್ಡ ಸಾಹೇಬರು ಕೋಟು ಹಾಕಿಕೊಂಡು, ಇಂಜಿನಿಯರ್ ಜೊತೆ ಮೋಟಾರು ದೋಣಿ ಹತ್ತಿದರು. ಎರಡು ಕಿಲೋಮೀಟರ್ ಹೋಗಬೇಕಾದ ದೋಣಿ ಎರಡೇ ನಿಮಿಷಕ್ಕೆ ನಿಂತಿತು. ಹಳದಿ ಡ್ರಮ್ಮು ಅಲ್ಲೇ ತೇಲುತ್ತಿತ್ತು. ಅದರ ಸುತ್ತ ಹದಿನಾರು ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಪಕ್ಕದ ದೋಣಿಯಲ್ಲಿ ಮೈದುನ, ಕೈಯಲ್ಲಿ ಲಂಗರಿನ ಹಗ್ಗ.

ಇಂಜಿನಿಯರ್ ಮುಖ ಹುಳ್ಳಗಾಯಿತು. "ಯಾರು ಇದನ್ನ ಕಿತ್ತು ತಂದಿದ್ದು?"

"ನಾವೇ ಸರ್. ಅದರ ಜಾಗಕ್ಕೆ ತಂದು ಬಿಟ್ಟಿದ್ದೀವಿ" ಅಂದಳು ಚಿಪ್ಪಕ್ಕ.

"ಬೋರ್ಡು ನೆನಪಿದೆ ತಾನೆ? ಇನ್ಮೇಲೆ ಇಲ್ಲಿ ಒಂದು ಚಿಪ್ಪೂ ಹೆಕ್ಕೋ ಹಾಗಿಲ್ಲ."

"ಗೊತ್ತು ಸರ್. ಅದಕ್ಕೇ ಬುಟ್ಟಿ ತಂದಿಲ್ಲ."

ನಲವತ್ತು ವರ್ಷ ಅನ್ನ ಕೊಟ್ಟ ಕೆಸರು ಅವಳ ಕಾಲ ಬೆರಳ ಸಂದಿಯಲ್ಲಿತ್ತು. ದೊಡ್ಡ ಸಾಹೇಬರು ಪರೀಕ್ಷೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

"ಸಾಹೇಬ್ರೆ, ಬಾಟ್ಲಿ ಇಲ್ಲೇ ತುಂಬ್ಸಿ" ಅಂದಳು. "ನಂಬಿಕೆ ಇಲ್ವಾ? ಬೂಟು ಬಿಚ್ಚಿ ಇಳೀರಿ. ನಿಮ್ಮ ಕಾಲಿಗೂ ಗೊತ್ತಾಗುತ್ತೆ."

ಸಾಹೇಬರು ಇಂಜಿನಿಯರ್ ಮುಖ ನೋಡಿದರು, ಆಮೇಲೆ ತಮ್ಮ ಬೂಟು ನೋಡಿಕೊಂಡರು. "ದೋಣಿ ತಿರುಗ್ಸು" ಅಂತ ಇಂಜಿನಿಯರ್ ಕೂಗಿದ. ಹೆಂಗಸರು ಹತ್ತಿರ ಹತ್ತಿರ ಬಂದು ದೋಣಿಯ ಅಂಚಿಗೆ ಕೈ ಹಾಕಿದರು. ನೀರು ಏರತೊಡಗಿತ್ತು. ಒಬ್ಬಳೂ ಕೈ ಬಿಡಲಿಲ್ಲ.