ಬಸವನಹುಳು ತಿನ್ನುವ ಉಡ

ಬುರುಡೆಪ್ಪನ ನರ್ಸರಿಯಲ್ಲಿದ್ದ ಉಡ ಎಷ್ಟು ಉದ್ದವಿತ್ತೆಂದರೆ, ಅದರ ತಲೆ ಡೇಲಿಯಾ ಸಾಲಿನಲ್ಲಿ ಬೆಳಗಿನ ತಿಂಡಿ ಮುಗಿಸಿ ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಬಾಲದ ತುದಿ ಗೇಟಿನ ಹೊರಗೆ ಇನ್ನೂ ನಿದ್ದೆಯಲ್ಲಿರುತ್ತಿತ್ತು. ಅದು ಮಗ್ಗುಲು ಬದಲಾಯಿಸಿದರೆ ಬೀದಿಯ ಬಸ್ಸು ಬೇರೆ ದಾರಿ ಹಿಡಿಯಬೇಕಾಗುತ್ತಿತ್ತು. ಒಮ್ಮೆ ಆಕಳಿಸಿದಾಗ ಅದರ ಬಾಯೊಳಗೆ ಹೋದ ಕೈಗಾಡಿ ಈವರೆಗೂ ಸಿಕ್ಕಿಲ್ಲ. ನಂಬದವರು ಬೇಕಾದರೆ ಬಂದು ನೋಡಲಿ, ಕೈಗಾಡಿ ಅಲ್ಲಿಲ್ಲ.

ಹೀಗೆಂದು ಬುರುಡೆಪ್ಪ ದಿನಾ ಬೆಳಗ್ಗೆ ಹೆಂಡತಿಯ ಹಾಸಿಗೆಯ ಪಕ್ಕ ಕೂತು ಹೇಳುತ್ತಿದ್ದ. ಆ ಹೆಸರು ಅವನ ಅಪ್ಪ ಅಮ್ಮ ಇಟ್ಟದ್ದಲ್ಲ. ಅವರಿಟ್ಟ ಹೆಸರು ಪೋಸ್ಟ್‌ಮ್ಯಾನಿಗೂ ಮರೆತುಹೋಗಿತ್ತು. ಅವನ ಬಾಯಲ್ಲಿ ತುಂತುರು ಬಂದರೆ ಪ್ರಳಯ, ಸೊಳ್ಳೆ ಕಚ್ಚಿದರೆ ಸರ್ಪಯುದ್ಧ. ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು. ಸೊಂಟದ ಮೂಳೆ ಮುರಿದು, ಒಳಗೆ ರಾಡು ಹಾಕಿಸಿಕೊಂಡು ಮಲಗಿದ್ದ ಅವಳಿಗೆ ಕಿಟಕಿಯಿಂದ ಕಾಣುತ್ತಿದ್ದದ್ದು ನೆರಳುಬಲೆಯ ಅಂಚು ಮತ್ತು ಒಂದು ತುಂಡು ಆಕಾಶ. ನರ್ಸರಿಯ ಸದ್ದು ಮಾತ್ರ ಕಿವಿಗೆ ಬೀಳುತ್ತಿತ್ತು. ಮಿಕ್ಕದ್ದನ್ನು ಗಂಡ ತುಂಬಿಕೊಡುತ್ತಿದ್ದ, ಅದೂ ತುಳುಕುವಷ್ಟು.

ಮೂಳೆ ಮುರಿಯಲು ಕಾರಣ ಒಂದು ಬಸವನಹುಳು.

ಆ ಹುಳುಗಳು ಈ ನೆಲದವಲ್ಲ. ಯಾವುದೋ ದೂರದೇಶದ ಅಲಂಕಾರದ ಗಿಡಗಳ ಕುಂಡದ ಮಣ್ಣಿನಲ್ಲಿ ಮೊಟ್ಟೆಯಾಗಿ ಬಂದಿಳಿದು, ನರ್ಸರಿಯನ್ನೇ ತವರು ಮಾಡಿಕೊಂಡು ಸಂಸಾರ ಬೆಳೆಸಿದ್ದವು. ಒಂದೊಂದೂ ಮುಷ್ಟಿ ಗಾತ್ರ. ಬುರುಡೆಪ್ಪನ ಲೆಕ್ಕದಲ್ಲಿ ತೆಂಗಿನಕಾಯಿ ಗಾತ್ರ. ಅವು ಎಲೆ ಕೆರೆದು ತಿನ್ನುವ ಸದ್ದಿಗೆ ಬೀದಿನಾಯಿಗಳಿಗೆ ನಿದ್ದೆಯಿಲ್ಲ ಎನ್ನುತ್ತಿದ್ದ. ಇಲ್ಲಿನ ಜೀವಿಗಳಿಗೋ ಅವುಗಳನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ನಲ್ಲಿಯ ಕೆಳಗೆ ಬಿಟ್ಟಿ ಬಿಡಾರ ಹೂಡಿದ್ದ ಕಪ್ಪೆ ಅವನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬೇಲಿಗೂಟದ ಮೇಲಿನ ಓತಿಕ್ಯಾತ ಕುತ್ತಿಗೆ ಕೆಂಪು ಮಾಡಿಕೊಂಡು, ದಂಡ ಹೊಡೆದು ಹೆದರಿಸಲು ನೋಡುತ್ತಿತ್ತು. ಹುಳುಗಳು ಕ್ಯಾರೇ ಎನ್ನದೆ ಅದರ ಗೂಟವನ್ನೇ ಏರುತ್ತಿದ್ದವು.

ವಿಷದ ಗುಳಿಗೆ ಹಾಕಿದರೆ ಹುಳುವಿನ ಜೊತೆಗೆ ಕಪ್ಪೆ, ಓತಿಕ್ಯಾತ, ಹಕ್ಕಿ ಎಲ್ಲವೂ ಹೋಗುತ್ತವೆಂದು ಹೆಂಡತಿ ಆ ಡಬ್ಬಿಯನ್ನು ಗೇಟಿನೊಳಗೇ ಬಿಟ್ಟುಕೊಂಡವಳಲ್ಲ. ನಸುಕಿಗೆ ಎದ್ದು, ಕೈಗವಸು ತೊಟ್ಟು, ಒಂದೊಂದಾಗಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ಅವಳ ಪದ್ಧತಿ. ಹಾಗೆ ಹೆಕ್ಕುತ್ತಿದ್ದಾಗಲೇ ಒಂದರ ಮೇಲೆ ಕಾಲಿಟ್ಟು ಜಾರಿದ್ದು.

ಮೂಳೆ ಕೂಡುವವರೆಗೆ ಕಾಲು ನೆಲಕ್ಕೆ ಊರಕೂಡದು, ಊರಿದರೆ ಜನ್ಮಪೂರ್ತಿ ಕುಂಟಬೇಕಾದೀತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆಗೆ ಬಂದ ಮಾರನೆಯ ಬೆಳಗ್ಗೆಯೇ ಅವಳು ಮಂಚದ ಅಂಚಿಗೆ ಬಂದು ಕೂತಿದ್ದಳು.

‘ಎಲ್ಲಿಗೆ ಹೊರಟೆ?’

‘ಸಸಿಗಳೆಲ್ಲ ಹೋಗ್ತವೆ ಕಣ್ರೀ. ಯಾರು ಹೆಕ್ತಾರೆ? ನೀವಂತೂ ಮಂಡಿ ಊರೋ ಹಾಗಿಲ್ಲ. ನಿಮ್ಮ ಮಂಡಿ ಚಿಪ್ಪು ಸವೆದು ಬಿಸ್ಕತ್ತಾಗಿದೆ ಅಂತ ಡಾಕ್ಟ್ರು ಬಾಯಿಬಿಟ್ಟು ಹೇಳಿದಾರೆ.’

ಬುರುಡೆಪ್ಪನ ಬಾಯಿ ಅವನ ತಲೆಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ. ‘ಹೆಕ್ಕೋದ್ಯಾಕೆ? ಉಡ ಬಂದಿದೆಯಲ್ಲ!’ ಎಂದುಬಿಟ್ಟ.

‘ಯಾವ ಉಡ?’

‘ಹುಳ ತಿನ್ನೋ ಉಡ. ರಾತ್ರಿ ಕೂತ ಕೂತಲ್ಲೇ ಎರಡು ಬಕೆಟ್ ಖಾಲಿ ಮಾಡ್ತು. ನೀನು ಮಲಕ್ಕೋ.’

ಅವಳು ಮಲಗಿದಳು.

ಉಡ ಇದ್ದದ್ದು ಸುಳ್ಳಲ್ಲ. ಕುಂಡಕ್ಕೆ ಮಣ್ಣು ತುಂಬುವ ಶೆಡ್ಡಿನ ಹಿಂದೆ, ಹಳೆಯ ಮೋರಿ ಕೊಳವೆಯಲ್ಲಿ ಒಂದು ಮರಿ ಉಡ ಸೇರಿಕೊಂಡಿತ್ತು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಮಿಡತೆ ಸಿಕ್ಕರೆ ತಿಂದು, ಸಿಗದಿದ್ದರೆ ಬಿಸಿಲು ಕಾಯಿಸಿಕೊಂಡು, ಬುರುಡೆಪ್ಪ ಸೀನಿದರೆ ಕೊಳವೆಯೊಳಗೆ ಓಡಿಹೋಗುವ ಪ್ರಾಣಿ. ಹುಳು ತಿನ್ನುವ ಕೆಲಸಕ್ಕೆ ಅದನ್ನು ನೇಮಿಸಿದ ಸುದ್ದಿ ಅದಕ್ಕೇ ಗೊತ್ತಿರಲಿಲ್ಲ.

ಕೆಲಸ ಮಾಡುತ್ತಿದ್ದವನು ಬುರುಡೆಪ್ಪ. ಹೆಂಡತಿ ಏಳುವ ಮೊದಲೇ ಬೋಳುತಲೆಗೆ ಟಾರ್ಚಿನ ಪಟ್ಟಿ ಬಿಗಿದು, ಮಂಡಿಗೆ ಗೋಣಿಚೀಲ ಸುತ್ತಿಕೊಂಡು, ಸಾಲಿನಿಂದ ಸಾಲಿಗೆ ಕೂಸಿನ ಹಾಗೆ ಅಂಬೆಗಾಲಿಡುತ್ತಿದ್ದ. ಹಲ್ಲು ಕಚ್ಚಿ ಎದ್ದು ನಿಂತಾಗ ಮಂಡಿ ಮಾಡುತ್ತಿದ್ದ ಸದ್ದು ಅವಳಿಗೆ ಕೇಳಬಾರದೆಂದು ಜೋರಾಗಿ ಕೆಮ್ಮುತ್ತಿದ್ದ. ಆಮೇಲೆ ಕೈತೊಳೆದು, ಕಾಫಿ ಹಿಡಿದು ಒಳಗೆ ಹೋಗಿ ಉಡದ ಪರಾಕ್ರಮ ಬಣ್ಣಿಸುತ್ತಿದ್ದ. ದಿನ ಕಳೆದಂತೆ ಮಂಡಿ ಹೆಚ್ಚು ನೋಯಿತು; ಮಂಡಿ ಹೆಚ್ಚು ನೋಯುತ್ತ ಹೋದಂತೆ ಉಡ ಹೆಚ್ಚು ಬೆಳೆಯಿತು. ಕೈಗಾಡಿ ನುಂಗಿದ ದಿನ ಹೆಂಡತಿ ನಕ್ಕಿದ್ದಳು, ಬಿದ್ದ ಮೇಲೆ ಮೊದಲ ಸಲ. ಆ ನಗು ನೋಡಿದ ಮೇಲೆ ಉಡವನ್ನು ನಿಲ್ಲಿಸುವುದು ಯಾರಿಂದ ಸಾಧ್ಯ?

ನಿಲ್ಲಿಸಿದ್ದು ನರ್ಸಮ್ಮ. ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಆಕೆ ಕಥೆಯನ್ನು ಕೇಳಿ ಕೇಳಿ, ಕೊನೆಗೊಂದು ದಿನ ಗೇಟಿನ ಹೊರಗೇ ನಿಂತುಬಿಟ್ಟಳು.

‘ಅಂಕಲ್, ನನಗೂ ಮಕ್ಕಳಿದಾವೆ. ಕೈಗಾಡಿ ನುಂಗಿದ್ದು ನನ್ನನ್ನ ಬಿಡುತ್ತಾ? ವನ್ಯಜೀವಿ ಇಲಾಖೆಗೆ ಫೋನ್ ಮಾಡಿದೀನಿ. ಅವರು ಬಂದು ಹಿಡ್ಕೊಂಡು ಹೋಗೋ ತನಕ ನಾನು ಒಳಗೆ ಕಾಲಿಡಲ್ಲ.’

‘ಅಯ್ಯೋ, ಅದು ಬರೀ ಮಾತಿಗೆ...’

‘ಮಾತಿಗೋ ಮೂತಿಗೋ. ಅಮ್ಮನ ಕಾಲು ಸರಿಹೋಗಬೇಕಾ ಬೇಡ್ವಾ?’

ಇಲಾಖೆಯ ಹುಡುಗಿ ಅದೇ ಮಧ್ಯಾಹ್ನ ಬಂದಳು. ಕೈಯಲ್ಲಿ ಉದ್ದನೆಯ ಕೊಕ್ಕೆ ಕೋಲು, ಹೆಗಲಲ್ಲಿ ಚೀಲ. ಹೊರಗೆ ಜೀಪಿನಲ್ಲಿ ಕರು ಹಿಡಿಸುವಷ್ಟು ದೊಡ್ಡ ಪಂಜರ. ಬುರುಡೆಪ್ಪ ಅವಳನ್ನು ಶೆಡ್ಡಿನ ಹಿಂದಕ್ಕೆ, ಹೆಂಡತಿಯ ಕಿಟಕಿಯ ಹತ್ತಿರದಿಂದಲೇ ಕರೆದುಕೊಂಡು ಹೋದ. ಬೇರೆ ದಾರಿ ಇರಲಿಲ್ಲ. ನರ್ಸಮ್ಮ ಗೇಟಿನ ಕಂಬ ಹಿಡಿದು ನಿಂತಳು.

‘ಸಾರ್, ಬಸ್ಸಿನಷ್ಟು ಉದ್ದದ ಉಡ ಅಂತ ದೂರು ಬಂದಿದೆ. ನಿಜಾನಾ?’

‘ಹಿಡಿದ್ರೆ ಏನ್ಮಾಡ್ತೀರಿ ಮೇಡಂ?’

‘ಅಷ್ಟು ದೊಡ್ಡದಿದ್ದು ಜನಕ್ಕೆ ಅಪಾಯ ಅಂದ್ರೆ ದೂರದ ಕಾಡಿಗೆ ಬಿಡ್ತೀವಿ. ಇದ್ದ ಜಾಗ ಬಿಟ್ಟ ಪ್ರಾಣಿ ಅಲ್ಲಿ ಬದುಕುತ್ತೆ ಅಂತ ಖಾತ್ರಿ ಕೊಡಕ್ಕಾಗಲ್ಲ. ಉಡ ಇಲ್ಲಿಯದೇ ಜೀವಿ, ಸುಮ್ಮನೆ ಎತ್ತಂಗಡಿ ಮಾಡೋದು ನಮಗೂ ಇಷ್ಟ ಇಲ್ಲ. ಎಷ್ಟು ಉದ್ದ, ನೀವೇ ಹೇಳಿ.’

ಬುರುಡೆಪ್ಪ ಅಭ್ಯಾಸಬಲದಿಂದ ಎರಡೂ ಕೈ ಅಗಲಿಸಿದ. ಹುಡುಗಿಯ ಕಣ್ಣು ಜೀಪಿನ ಕಡೆ ಹೋಯಿತು. ಕೈಗಳು ಸ್ವಲ್ಪ ಹತ್ತಿರ ಬಂದವು. ಅವಳು ಹೆಗಲ ಚೀಲ ಇಳಿಸಿದಳು. ಕೈಗಳು ಇನ್ನೂ ಹತ್ತಿರ ಬಂದವು. ಹುಟ್ಟಿದಾರಭ್ಯ ಕೂಡಿಸುವುದನ್ನಷ್ಟೇ ಕಲಿತ ಮನುಷ್ಯ ಮೊದಲ ಸಲ ಕಳೆಯಲು ಹೊರಟಿದ್ದ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಕೊನೆಗೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ಚೂರು ಜಾಗ ಉಳಿಯಿತು.

‘ಇಷ್ಟೇ ಮೇಡಂ. ಹಲ್ಲಿಗಿಂತ ಸ್ವಲ್ಪ ಬಡಕಲು. ಇರುವೆ ಬಂದ್ರೆ ದಾರಿ ಬಿಡುತ್ತೆ.’

ಅಷ್ಟರಲ್ಲಿ ಕೊಳವೆಯ ಬಾಯಲ್ಲಿ ಸೀಳುನಾಲಿಗೆ ಒಂದು ಸಲ ಮಿಂಚಿತು. ಆಮೇಲೆ ಮೂತಿ, ಆಮೇಲೆ ಹೊಟ್ಟೆ ತುಂಬಿದ ಗುಮಾಸ್ತನ ನಡಿಗೆಯಲ್ಲಿ ಉಡ ಹೊರಗೆ ಬಂತು. ಒಂದು ಮೊಳ ಉದ್ದದ್ದೇ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ತಂಪು ನೆರಳಲ್ಲಿ ಒಂದು ಬಸವನಹುಳು ಅಂಟಿಕೊಂಡಿತ್ತು, ಬೆಳಗ್ಗೆ ಬುರುಡೆಪ್ಪನ ಕಣ್ಣು ತಪ್ಪಿಸಿದ್ದು. ಉಡ ಅದರ ಮುಂದೆ ನಿಂತಿತು. ಚಿಪ್ಪಿಗೆ ನಾಲಿಗೆ ತಾಗಿಸಿತು. ಹುಳು ನಿಧಾನಕ್ಕೆ ಎರಡು ಕೊಂಬು ಹೊರಹಾಕಿತು.

ಉಡ ಹಿಂದೆ ತಿರುಗಿ, ಬಾಲ ಬಿಟ್ಟುಹೋದೀತೆಂಬಷ್ಟು ವೇಗದಲ್ಲಿ ಕೊಳವೆ ಸೇರಿತು.

ಹುಡುಗಿ ಕೋಲಿಗೆ ಆನಿಕೊಂಡು ನಕ್ಕಳು. ‘ಇದು ಬಸವನಹುಳು ತಿನ್ನೋ ಉಡ ಅಲ್ಲ ಸಾರ್, ಬಸವನಹುಳಕ್ಕೆ ಹೆದರೋ ಉಡ! ಮರಿ ಇನ್ನೂ. ಆ ಚಿಪ್ಪು ಒಡೆಯೋ ದವಡೆ ಎಲ್ಲಿಂದ ಬರಬೇಕು?’ ಗೇಟಿನ ಕಡೆ ತಿರುಗಿ ಕೂಗಿದಳು: ‘ನರ್ಸಮ್ಮಾ, ಒಳಗೆ ಬನ್ನಿ. ಇದು ಇಲ್ಲೇ ಇರಲಿ.’

ಬುರುಡೆಪ್ಪ ಉಸಿರುಬಿಟ್ಟ. ಉಡ ಉಳಿಯಿತು, ನರ್ಸಮ್ಮ ಬಂದಳು. ಆಗ ಕಿಟಕಿಯೊಳಗಿಂದ ಒಂದು ದನಿ.

‘ರೀ.’

ಆ ಒಂದಕ್ಷರಕ್ಕೆ ಅವನ ಕಾಲು ನಿಂತಲ್ಲೇ ಬೇರುಬಿಟ್ಟಿತು.

‘ಉಡ ತಿಂದಿಲ್ಲ ಅಂದ್ಮೇಲೆ ಅಷ್ಟು ಹುಳ ಎಲ್ಲಿಗೆ ಹೋಯ್ತು?’

‘ಅದು... ಆ ಕಪ್ಪೆ ಇದೆಯಲ್ಲ, ನಲ್ಲಿ ಕೆಳಗಿಂದು. ನೋಡಕ್ಕೆ ಸಾಧು. ಆದ್ರೆ ಅಬ್ಬಬ್ಬಾ, ಹಸಿವಾದಾಗ...’

‘ಕಪ್ಪೆ ತಲೆಗೆ ಟಾರ್ಚ್ ಕಟ್ಕೊಳ್ಳುತ್ತಾ? ದಿನಾ ಬೆಳಗ್ಗೆ ಕಾಫಿ ತಂದಾಗ ನಿಮ್ಮ ಬೋಳುತಲೆ ಸುತ್ತ ಪಟ್ಟಿ ಗುರುತು ಇರುತ್ತೆ. ತಲೆ ಮೇಲೆ ಪಾತ್ರೆ ಕವುಚಿಕೊಂಡು ಹಾಲು ಕಾಯಿಸ್ತೀರೇನೋ ಅನ್ಕೊಂಡಿದ್ದೆ.’

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಇಲಾಖೆಯ ಹುಡುಗಿ ಚೀಲದ ದಾರ ಬಿಗಿಯುತ್ತ ಆಕಾಶ ನೋಡಿದಳು. ಒಳಗೆ ಮಂಚ ಕಿರ್ರೆಂದಿತು.

ಬುರುಡೆಪ್ಪ ಕಿಟಕಿಗೆ ಓಡಿದ. ಓಡಿದ ಎಂದರೆ ಅದೂ ಬುರುಡೆಯೇ. ಗೋಡೆ ಹಿಡಿದು, ಒಂದು ಕಾಲು ಎಳೆದುಕೊಂಡು ಹೋದ. ಹೆಂಡತಿ ಮೊಣಕೈ ಊರಿ ಅರ್ಧ ಎದ್ದಿದ್ದಳು.

‘ಏಳಬೇಡ ಕಣೇ! ಏಳಬೇಡ. ಇಷ್ಟೆಲ್ಲ ಮಾಡಿದ್ದೇ ನೀನು ಏಳಬಾರದು ಅಂತ.’

‘ಏಳಲ್ಲ. ಮೂಳೆ ಕೂಡೋ ತನಕ ಇಲ್ಲೇ ಬಿದ್ದಿರ್ತೀನಿ, ಸಸಿ ಎಲ್ಲ ಹಾಳಾದ್ರೂ ಸರಿ. ಆದ್ರೆ ಒಂದೇ ಒಂದು ಸಲ ನಿಜ ಹೇಳಿ.’

ಅವನು ಸರಳು ಹಿಡಿದು ನಿಂತ. ಅಂಗಿಯ ತೋಳಿನಿಂದ ತಲೆಯ ಪಟ್ಟಿ ಗುರುತು ಒರೆಸಿಕೊಳ್ಳಲು ನೋಡಿದ. ಹೋಗಲಿಲ್ಲ.

‘ನಾನೇ ಹೆಕ್ಕಿದ್ದು.’

‘ಎಲ್ಲಾನೂ?’

‘ಎಲ್ಲಾನೂ. ಆ ಉಡ ಒಂದನ್ನೂ ಮುಟ್ಟಿಲ್ಲ. ಕೈಗಾಡೀನೂ ನುಂಗಿಲ್ಲ. ಚಕ್ರ ಮುರೀತು, ನಾನೇ ಗುಜರಿಗೆ ಹಾಕಿದೆ.’

ಅವಳು ಸರಳಿನಾಚೆಯಿಂದ ಕೈ ಚಾಚಿ ಅವನ ಕೈ ಹಿಡಿದಳು. ಉಪ್ಪುನೀರಿಗೆ ಬೆರಳ ತುದಿಗಳು ಸುಲಿದಿದ್ದವು. ಒಂದೊಂದನ್ನೂ ಹೆಬ್ಬೆರಳಿಂದ ಸವರಿ ನೋಡಿದಳು.

‘ಮಂಡಿ ನೋಯುತ್ತಾ?’

ಬುರುಡೆಪ್ಪ ಬಾಯಿ ತೆರೆದ. ಈ ಮಂಡಿಯಾ? ಇದು ಕುದುರೆ ಮಂಡಿ, ಇದರ ಮೇಲೆ ಸೇತುವೆ ಕಟ್ಟಬಹುದು, ಇನ್ನೂ ನೂರು ವರ್ಷ... ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವಳು ಕೈ ಬಿಡದೆ ಅವನ ಮುಖವನ್ನೇ ನೋಡುತ್ತಿದ್ದಳು.

‘ನೋಯುತ್ತೆ ಕಣೇ,’ ಎಂದ. ‘ತುಂಬಾ ನೋಯುತ್ತೆ.’