ಮಾಲಗ್ರಿಯ ಮೈಲುಗಲ್ಲು

ಬಳ್ಳಾರಿ ಸೀಮೆಯ ಗುಡ್ಡವೊಂದರಿಂದ ನನ್ನನ್ನು ಸೀಳಿ ತೆಗೆದ ದಿನ ನಾನು ಬರಿಯ ಕಲ್ಲು. ಒಂಬತ್ತು ದಿನ ಉಳಿಯ ಪೆಟ್ಟು ತಿಂದ ಮೇಲೆ ಶಾಸನವಾದೆ. ಕಲ್ಲುಕುಟಿಗ ಬೊಮ್ಮೋಜ ನನ್ನ ಎದೆಯ ಮೇಲೆ ಕೆತ್ತಿದ್ದು ಒಂದೇ ಸಾಲು: 'ಬೇಡರ ಮಾಳವ್ವ ಕಟ್ಟಿಸಿದ ಕೆರೆ.'

ಮಾಳವ್ವ ಬೇಡರ ಪಾಳೆಯದ ಒಡತಿ. ಗುಡ್ಡದ ನೀರಿಗೆ ಅಡ್ಡಲಾಗಿ ಏರಿ ಹಾಕಿಸಿದವಳು, ತಾನೂ ಮಣ್ಣಿನ ಬುಟ್ಟಿ ಹೊತ್ತವಳು. ಓದು ಬಾರದು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇದರಾಗ ನನ್ನ ಹೆಸರು ಎಲ್ಲೈತಪ್ಪ?" ಎಂದಳು. ಬೊಮ್ಮೋಜ ತೋರಿಸಿದ. ಅವಳು ನಕ್ಕುಬಿಟ್ಟಳು: "ಇಷ್ಟ ಸಣ್ಣದೇನು! ಇರ್ಲಿ, ಕೆರಿ ದೊಡ್ಡದೈತಿ."

ನನ್ನನ್ನು ಏರಿಯ ಮೇಲೆ ನಿಲ್ಲಿಸಿದರು. ಸುತ್ತ ಬೆಳೆದ ಊರಿಗೆ ಮಾಳಗೆರೆ ಎಂದು ಹೆಸರಾಯಿತು.

ಇನ್ನೂರು ವರ್ಷ ಕಳೆದು ಇಂಗ್ಲಿಷರ ದಂಡು ಬಂತು. ಅವರ ನಾಲಿಗೆಯಲ್ಲಿ ಮಾಳಗೆರೆ 'ಮಾಲ್‌ಗ್ರೇ' ಆಯಿತು. ಬರಬರುತ್ತ ನಮ್ಮವರೂ ಮಾಲಗ್ರಿ ಎನ್ನತೊಡಗಿದರು. ರಸ್ತೆ ಹಾಕಿಸುತ್ತಿದ್ದ ಸಾಹೇಬನಿಗೆ ಮೈಲುಗಲ್ಲು ಬೇಕಿತ್ತು. ನನ್ನನ್ನು ಏರಿಯಿಂದ ಇಳಿಸಿ, ಹಳೆಯ ಅಕ್ಷರ ಅಳಿಸಿ ಇಂಗ್ಲಿಷು ಕೆತ್ತು ಎಂದು ಗಾದಿಲಿಂಗನೆಂಬ ಕೆಲಸಗಾರನಿಗೆ ಹುಕುಂ ಮಾಡಿದ. ಗಾದಿಲಿಂಗ ನನ್ನನ್ನು ತಟ್ಟಿ ನೋಡಿ, "ಈ ಮಗ್ಗಲು ಬಿರುಕೈತ್ರಿ ದೊರಿ. ಉಳಿ ಇಟ್ರ ಎರಡು ಹೋಳಾಕ್ಕತಿ. ಬೆನ್ನಿಗೆ ಬರೀತೀನಿ" ಎಂದ.

ನನ್ನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅವನ ಎದೆಗಾರಿಕೆಯನ್ನು ನೆನೆದರೆ ಈಗಲೂ ಹೆಮ್ಮೆ. ಆದರೆ ನನ್ನನ್ನು ರಸ್ತೆಯಂಚಿಗೆ ನೆಟ್ಟ ಮೇಲೆ ದಂಡಿನ ಕಾಂಪೌಂಡ್ ಗೋಡೆ ನನ್ನ ಎದೆಗೆ ಒತ್ತಿಕೊಂಡೇ ಎದ್ದಿತು. ಕನ್ನಡ ಗೋಡೆಯೊಳಗೆ ಮುಚ್ಚಿಹೋಯಿತು, 'ಮಾಲ್‌ಗ್ರೇ' ಎಂಬ ಇಂಗ್ಲಿಷು ದಾರಿಗೆ ಕಾಣುತ್ತ ಉಳಿಯಿತು.

ದಂಡು ಹೋಯಿತು. ಚರ್ಚು, ಬಂಗಲೆಗಳು ಉಳಿದವು. ಅವನ್ನು ನೋಡಲು ಪ್ರವಾಸಿಗರು ಬಂದರು. ಅವರನ್ನು ಕರೆತರುವವಳು ಬೇಡರ ಓಣಿಯ ಹುಲಿಗೆವ್ವ, ಗಟ್ಟಿ ದನಿಯ ಗೈಡ್. ಹನ್ನೆರಡು ವರ್ಷ ನನ್ನ ಮುಂದೆಯೇ ನಿಂತು ಹೇಳಿದಳು: "ಕರ್ನಲ್ ಗ್ರೇ ಸಾಹೇಬ್ರು ಕಟ್ಟಿದ ಊರಿದು. ಅದಕ್ಕೂ ಮೊದ್ಲು ಇಲ್ಲಿ ಬರೀ ಕಲ್ಲುಗುಡ್ಡ." ಯಾರೋ ಅಚ್ಚು ಹಾಕಿಸಿದ್ದ ಪುಸ್ತಿಕೆಯಲ್ಲಿ ಹಾಗೇ ಇತ್ತು. ಅವಳೇನು ಮಾಡಿಯಾಳು? ಕೂಗಿ ಹೇಳಲು ನನಗೆ ಬಾಯಿಲ್ಲ.

ರಸ್ತೆ ಅಗಲ ಮಾಡುವಾಗ ಜೆಸಿಬಿ ಗೋಡೆಯನ್ನು ಕೆಡವಿತು. ನನ್ನ ಕೊರಳಿಗೆ ಸರಪಳಿ ಬಿತ್ತು. ಆಗಲೇ ಹುಲಿಗೆವ್ವ ಎಂಟು ಜನ ಪ್ರವಾಸಿಗರೊಂದಿಗೆ ಆ ದಾರಿಯಲ್ಲಿ ಬಂದಳು. ಸುಣ್ಣ ಮೆತ್ತಿದ ಅಕ್ಷರ ಕಂಡು ನಿಂತಳು. ಬಾಟಲಿಯ ನೀರು ಸುರಿದು ಉಜ್ಜಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಇನ್ನೊಮ್ಮೆ ಓದಿದಳು. ನನ್ನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಗಾಡಿ ಆಫ್ ಮಾಡಣ್ಣ."

"ಇಂಗ್ಲಿಷ್ರ ಕಲ್ಲವ್ವ ಅದು. ಬುನಾದಿಗೆ ಹಾಕ್ತೀವಿ, ಏಳು," ಎಂದ ಡ್ರೈವರ್.

"ನಮ್ಮವ್ವನ ಕಲ್ಲು ಇದು. ಮೊದ್ಲು ನನ್ನ ಮ್ಯಾಲೆ ಹಾಯ್ಸು."

ಮಧ್ಯಾಹ್ನದೊಳಗೆ ಬೇಡರ ಓಣಿಯೆಲ್ಲ ಬಂದು ಅವಳ ಪಕ್ಕ ಕೂತಿತು. ಸಂಜೆ ತಹಸೀಲ್ದಾರರು ಬಂದು ತಾವೇ ಓದಿ ನೋಡಿದರು, ಸರಪಳಿ ಬಿಚ್ಚಿಸಿದರು.

ಈಗ ನಾನು ರಸ್ತೆಯ ತಿರುವಿನಲ್ಲಿ ಕಟ್ಟೆಯ ಮೇಲಿದ್ದೇನೆ. ಎರಡೂ ಮೈಗೆ ಬಿಸಿಲು ಬೀಳುತ್ತದೆ. ಇಂಗ್ಲಿಷನ್ನು ಕೆತ್ತಿ ತೆಗೆಯೋಣವೆಂದು ಕೆಲವರು ಬಂದಿದ್ದರು. ಹುಲಿಗೆವ್ವ ಒಪ್ಪಲಿಲ್ಲ: "ಇರ್ಲಿ ಬಿಡ್ರಿ. ಅವರು ಬಂದದ್ದೂ ಖರೇನ."

ಮೊನ್ನೆ ಹಿರಿಯ ಪ್ರವಾಸಿಯೊಬ್ಬರು ಎಲ್ಲರೆದುರು ಕೇಳಿದರು, "ಹೋದ ಸಲ ಕರ್ನಲ್ ಗ್ರೇ ಅಂದಿದ್ರಲ್ಲಮ್ಮ?"

ಹುಲಿಗೆವ್ವ ತಲೆ ತಗ್ಗಿಸಲಿಲ್ಲ. "ಅಂದಿದ್ದೆ ಸರ್. ತಪ್ಪು ಹೇಳಿದ್ದೆ. ಗ್ರೇ ಅನ್ನೋ ಮನುಷ್ಯಾನೇ ಇರ್ಲಿಲ್ಲ. ಗ್ರೇ ಅಂದ್ರ ಕೆರಿ, ಮಾಳವ್ವನ ಕೆರಿ. ಬರ್ರಿ, ತೋರಿಸ್ತೀನಿ."

ಚರ್ಚಿನ ಕಡೆ ಹೊರಟಿದ್ದವರೆಲ್ಲ ತಿರುಗಿ, ಅವಳ ಹಿಂದೆ ಕೆರೆಯ ಏರಿ ಹತ್ತಿದರು.